ಲೀಡ್ಸ್‌ನಲ್ಲಿ ಹೊಲಿದ ವಾಲ್ವ್

ಬಾವಿ ಪಂಪಿನ ಫುಟ್‌ವಾಲ್ವ್ ಕೆಟ್ಟರೆ ಏನಾಗುತ್ತೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನೀರು ಪೈಪಲ್ಲಿ ನಿಲ್ಲದೆ ವಾಪಸ್ ಬಾವಿಗೇ ಇಳಿಯುತ್ತೆ. ಹೃದಯದಲ್ಲೂ ಇಂಥ ನಾಲ್ಕು ವಾಲ್ವ್ ಇವೆ. ನಮ್ಮಪ್ಪನದು ಸೋರುತ್ತಿರಲಿಲ್ಲ, ತೆರೆಯುತ್ತಲೇ ಇರಲಿಲ್ಲ. ಮಹಾಪಧಮನಿಯ ಬಾಯಲ್ಲಿರುವ ವಾಲ್ವ್ ವಯಸ್ಸಿಗೆ ಸುಣ್ಣ ಕಟ್ಟಿ ಗಟ್ಟಿಯಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎದೆ ಸೀಳದೆ, ತೊಡೆಯ ರಕ್ತನಾಳದ ಮೂಲಕ ಹೊಸದು ಕೂರಿಸಬಹುದು, ಅದಕ್ಕೆ ಟಾವಿ ಅಂತಾರೆ ಅಂದರು ಡಾಕ್ಟರು. ಅಮ್ಮ ಫೋನಲ್ಲಿ ಕೇಳಿದ್ದು ಒಂದೇ ಮಾತು: "ಅದನ್ನ ಯಾವುದರಲ್ಲಿ ಮಾಡಿರ್ತಾರೆ?"

ಹಸುವಿನ ಹೃದಯದ ಸುತ್ತ ಇರೋ ಪೊರೆಯಲ್ಲಿ. ತಕ್ಷಣ ಹೇಳೋಕೆ ಬಾಯಿ ಬರಲಿಲ್ಲ. ಆಗ ನಾನು ಲೀಡ್ಸ್‌ನಲ್ಲಿ ವೈರಿಂಗ್ ಕೆಲಸದಲ್ಲಿದ್ದೆ. ಓದುತ್ತಾ ಹೋದರೆ, ಈ ಪೊರೆಯ ಕಥೆ ನಾನು ದಿನಾ ಬಸ್ಸಲ್ಲಿ ದಾಟುತ್ತಿದ್ದ ಲೀಡ್ಸ್ ಜನರಲ್ ಇನ್ಫರ್ಮರಿಯದ್ದೇ!

ಅಲ್ಲಿ 1957ರಲ್ಲೇ ಜೆಫ್ರಿ ವೂಲರ್ ಎಂಬ ಸರ್ಜನ್ ಹಾರ್ಟ್-ಲಂಗ್ ಮೆಷಿನ್ ಇಟ್ಟುಕೊಂಡು ಸೋರುವ ಮೈಟ್ರಲ್ ವಾಲ್ವ್ ರಿಪೇರಿ ಮಾಡಿದ್ದರು. 1960ರಲ್ಲಿ ಅಮೆರಿಕದಲ್ಲಿ ಪಂಜರದೊಳಗೆ ಗೋಲಿ ಇಟ್ಟಂಥ ಸ್ಟಾರ್-ಎಡ್ವರ್ಡ್ಸ್ ವಾಲ್ವ್ ಬಂತು. ಗಟ್ಟಿ ಮಾಲು. ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಬಚ್ಚಲಲ್ಲಿ ಜಾರಿ ಬೀಳೋ ವಯಸ್ಸಿನವರಿಗೆ ಅದೇ ದೊಡ್ಡ ಭಯ, ರಕ್ತ ನಿಲ್ಲಲ್ಲ.

ರೊಮೇನಿಯಾದಿಂದ ಲೀಡ್ಸ್‌ಗೆ ಬಂದಿದ್ದ ಮರಿಯನ್ ಇಯೋನೆಸ್ಕು (ಅವರೂ ನಮ್ಮ ಹಾಗೆ ಪರದೇಶಿ) 1971ರಲ್ಲಿ ಬೇರೆ ದಾರಿ ಹಿಡಿದರು. ಹಸುವಿನ ಪೊರೆಯನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಚರ್ಮದ ಹಾಗೆ ಹದ ಮಾಡಿ, ಬಟ್ಟೆ ಸುತ್ತಿದ ಟೈಟಾನಿಯಂ ಚೌಕಟ್ಟಿಗೆ ಮೂರು ಎಸಳಾಗಿ ಹೊಲಿದರು. ಬಹಳ ಜನಕ್ಕೆ ಆ ಮಾತ್ರೆಯ ಕಾಟ ತಪ್ಪಿತು. 1976ರಿಂದ ಕ್ಯಾಲಿಫೋರ್ನಿಯಾದ ಶೈಲಿ ಕಂಪನಿ ಇದನ್ನು ತಯಾರಿಸಿ ಮಾರಿತು.

ಆಮೇಲೆ ತೊಂದರೆ ಕಾಣಿಸಿತು. ಎಸಳು ಚೌಕಟ್ಟಿನ ಬಟ್ಟೆಗೆ ಉಜ್ಜಿ ಉಜ್ಜಿ ಹರಿಯುತ್ತಿತ್ತು. ಗ್ರಾಮೆಟ್ ಹಾಕದೆ ತಗಡಿನ ತೂತಲ್ಲಿ ಕೇಬಲ್ ಎಳೆದರೆ ಇನ್ಸುಲೇಷನ್ ಸವೆಯೋ ಹಾಗೇ! ಎಂಬತ್ತರ ದಶಕ ಮುಗಿಯುವಾಗ ಆ ಮಾಡೆಲ್ ನಿಂತಿತು, ಆದರೆ ಪೊರೆ ಉಳಿಯಿತು. ಎಳೆಯರಲ್ಲಿ ಅದು ಬೇಗ ಸುಣ್ಣಗಟ್ಟುತ್ತೆ, ವಯಸ್ಸಾದವರಲ್ಲಿ ಹೆಚ್ಚು ವರ್ಷ ಬಾಳುತ್ತೆ. ತೆಳ್ಳಗಿರೋದರಿಂದ ಮಡಚಿ ಸಣ್ಣ ಕೊಳವೆಯೊಳಗೆ ತೂರಿಸಬಹುದು. 2002ರಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಅಲೇನ್ ಕ್ರಿಬಿಯೆ ಹೀಗೆ ಮೊದಲ ಸಲ ಮನುಷ್ಯನಿಗೆ ವಾಲ್ವ್ ಕೂರಿಸಿದರು.

ಬ್ರಿಟನ್ನಿನಲ್ಲಿ 70 ದಾಟಿದ 913 ಜನರನ್ನು ಸೇರಿಸಿ, ಟಾವಿಯನ್ನೂ ತೆರೆದ ಎದೆಯ ಆಪರೇಷನ್ನನ್ನೂ ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಲೆಕ್ಕದಲ್ಲಿ ಟಾವಿ ಹಿಂದೆ ಬೀಳಲಿಲ್ಲ. ಪೇಸ್‌ಮೇಕರ್ ಬೇಕಾದವರು ಮಾತ್ರ ಟಾವಿಯಲ್ಲೇ ಜಾಸ್ತಿ. ವಾಲ್ವಿನ ಪಕ್ಕದಲ್ಲೇ ಹೃದಯದ ವೈರಿಂಗ್ ಹಾದುಹೋಗುತ್ತೆ ನೋಡಿ, ಅದು ಒತ್ತಿಕೊಳ್ಳುತ್ತೆ.

ಅಮ್ಮನಿಗೆ ನಿಜ ಹೇಳಿದೆ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಅಪ್ಪನೇ ಮಾಡಿ, "ಎಷ್ಟು ವರ್ಷ ಬರುತ್ತೆ?" ಅಂದರು. ಹತ್ತು ವರ್ಷ ಬರಬಹುದು ಅಂದೆ. "ಅಷ್ಟಾದ್ರೆ ಸಾಕು, ನಿಮ್ಮಮ್ಮನಿಗೆ ನಾನು ಹೇಳ್ತೀನಿ."

ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಆಯ್ತು. ನನಗೆ ರಜೆ ಸಿಗಲಿಲ್ಲ. ನಾಲ್ಕನೇ ದಿನ ವಿಡಿಯೋ ಕಾಲ್ ಮಾಡಿದಾಗ ಅಪ್ಪ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರು, ಅಮ್ಮ ಹಿಂದಿನಿಂದ ಎಣಿಸುತ್ತಿದ್ದಳು.