ತಟ್ಟೆ ಬೇಡದ ಅನ್ನ

ಅನ್ನ ಅಂಟಿಕೊಂಡು ಮುದ್ದೆಯಾದರೆ ನಮ್ಮ ಮನೆಗಳಲ್ಲಿ ಅದು ಅಡುಗೆ ಕೆಟ್ಟಿತೆಂಬುದರ ಗುರುತು. ನೀರು ಹೆಚ್ಚಾಯಿತೆಂದೋ, ಹೊಸ ಅಕ್ಕಿಯೆಂದೋ ಬಡಿಸುವವರು ಸಮಜಾಯಿಷಿ ಹೇಳಬೇಕಾಗುತ್ತದೆ. ಚಿತ್ರಾನ್ನ, ಪುಳಿಯೋಗರೆಗಳಿಗಂತೂ ಅಗುಳು ಅಗುಳು ಬಿಡಿಯಾಗಿ ಉದುರಲೇಬೇಕು. ಚೀನಾದ ಶಾಂಘೈ ನಗರದಲ್ಲಿ ಇದು ತಿರುಗುಮುರುಗು. ಅಲ್ಲಿನ ಓಣಿಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ಕೆಲಸಕ್ಕೆ ಹೊರಟವರು ಸಾಲಿನಲ್ಲಿ ನಿಂತು, ಕಾಸು ಕೊಟ್ಟು ಕೊಳ್ಳುವುದು ಅಂಟಿದ ಅನ್ನವನ್ನೇ. ಅಂಟದಿದ್ದರೆ ಅದಕ್ಕೆ ಬೆಲೆಯಿಲ್ಲ.

ಈ ತಿಂಡಿಯ ಹೆಸರು ತ್ಸಿಫಾನ್. ಅಂಗಡಿಯವನ ಮುಂದೆ ಒಂದು ಮರದ ಪೀಪಾಯಿ. ಅದರ ಬಾಯಿಗೆ ದಪ್ಪ ಬಟ್ಟೆ. ಬಟ್ಟೆ ಸರಿಸಿದರೆ ಹಬೆ ಏಳುತ್ತದೆ. ಒದ್ದೆ ಬಟ್ಟೆಯ ಮೇಲೆ ಒಂದು ಹಿಡಿ ಬಿಸಿ ಅನ್ನ ಹರಡಿ, ನಡುವೆ ಎಣ್ಣೆಯಲ್ಲಿ ಕರಿದ ಉದ್ದನೆಯ ಗೋಧಿಹಿಟ್ಟಿನ ಕಡ್ಡಿ ಇಟ್ಟು, ಸಕ್ಕರೆಯನ್ನೋ ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಗೆಡ್ಡೆಯ ಚೂರುಗಳನ್ನೋ ಉದುರಿಸಿ, ಬಟ್ಟೆಸಮೇತ ಹಿಂಡಿ ಉಂಡೆ ಮಾಡಿ ಕೈಗೆ ಕೊಡುತ್ತಾನೆ. ಇಷ್ಟಕ್ಕೆ ಅರ್ಧ ನಿಮಿಷ ಸಾಕು. ತಟ್ಟೆಯಿಲ್ಲ, ಚಮಚವಿಲ್ಲ, ಚೀನೀಯರ ಊಟದ ಕಡ್ಡಿಗಳೂ ಬೇಡ. ಬಸ್ಸಿಗೆ ಓಡುತ್ತಲೇ ತಿನ್ನಬಹುದು. ಹೊರಗೆ ಮೆತ್ತನೆಯ ಅನ್ನ, ಹಲ್ಲು ಒಳಗೆ ಇಳಿದೊಡನೆ ಕರುಂ ಎನ್ನುವ ಕಡ್ಡಿ. ತ್ಸಿಫಾನಿನ ರುಚಿಯ ಗುಟ್ಟು ಇಷ್ಟೇ.

ಕರಿದ ಕಡ್ಡಿಗೆ ಯೌತಿಯಾವ್ ಎಂದು ಹೆಸರು. ಸೋಯಾ ಹಾಲು, ಚಪ್ಪಟೆ ರೊಟ್ಟಿ, ಯೌತಿಯಾವ್ ಮತ್ತು ತ್ಸಿಫಾನ್ ಈ ನಾಲ್ಕನ್ನೂ ಸೇರಿಸಿ ಶಾಂಘೈ ಜನ ಬೌದ್ಧ ದೇವಾಲಯಗಳ ಬಾಗಿಲಲ್ಲಿ ನಿಲ್ಲುವ ನಾಲ್ವರು ದ್ವಾರಪಾಲಕರ ಹೆಸರಿನಿಂದ ಕರೆಯುತ್ತಾರೆ. ಬೆಳಗಿನ ಹಸಿವನ್ನು ಬಾಗಿಲಲ್ಲೇ ತಡೆಯುವವರು ಎಂದು ಅರ್ಥಮಾಡಿಕೊಳ್ಳಬಹುದೇನೋ. ಈ ಬಡವರ ತಿಂಡಿಗೂ ಪಡಿತರದ ಕಾಟ ತಪ್ಪಿರಲಿಲ್ಲ. 1955ರಲ್ಲಿ ಚೀನಾ ಸರ್ಕಾರ ಧಾನ್ಯಕ್ಕೆ ಕೂಪನ್ ಪದ್ಧತಿ ತಂದಿತು. 1993ರವರೆಗೂ ಅದು ಉಳಿಯಿತು. ಹಣವಿದ್ದರೆ ಸಾಲದು, ಕೂಪನ್ನೂ ಬೇಕು. ಶಾಂಘೈಯಲ್ಲಿ ಅರ್ಧ ಲಿಯಾಂಗ್, ಅಂದರೆ 25 ಗ್ರಾಂ ಧಾನ್ಯದ ಕೂಪನ್ ಕೂಡ ಅಚ್ಚಾಗುತ್ತಿತ್ತು. ಒಂದು ಕರಿದ ಕಡ್ಡಿ ಕೊಳ್ಳಲು ಅಷ್ಟು ಸಣ್ಣ ಚೀಟಿಯನ್ನು ಜೋಪಾನ ಮಾಡಿಟ್ಟುಕೊಂಡ ಒಂದು ತಲೆಮಾರು ಇಂದಿಗೂ ಆ ನಗರದಲ್ಲಿದೆ.

ಈ ಅಕ್ಕಿ ಅಂಟುವುದೇಕೆ? ಯಾವ ಅಕ್ಕಿಯನ್ನಾದರೂ ಹೆಚ್ಚು ಬೇಯಿಸಿದರೆ ಹೀಗಾಗುತ್ತದೆ ಎಂದುಕೊಂಡರೆ ತಪ್ಪು. ಇದು ಬೇರೆಯೇ ತಳಿ. ಚೀನೀ ಭಾಷೆಯಲ್ಲಿ ನುವೋಮಿ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿರುತ್ತವೆ. ಅಮೈಲೋಸ್ ಎಂಬುದು ಬಹುಮಟ್ಟಿಗೆ ನೇರವಾದ ಉದ್ದನೆಯ ಸರಪಳಿ. ಅಮೈಲೊಪೆಕ್ಟಿನ್ ಎಂಬುದು ಮರದಂತೆ ಕೊಂಬೆ ಕೊಂಬೆಯಾಗಿ ಒಡೆದದ್ದು. ನಾವು ಉಣ್ಣುವ ಸಾಧಾರಣ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸಿನ ಪಾಲು ಶೇಕಡ 15ರಿಂದ 30ರವರೆಗೆ ಇರುತ್ತದೆ. ಅಗುಳುಗಳು ಬಿಡಿಬಿಡಿಯಾಗಿ ನಿಲ್ಲುವುದು ಅದರ ದೆಸೆಯಿಂದ. ನುವೋಮಿಯಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಅಯೋಡಿನ್ ದ್ರಾವಣದ ಒಂದು ಹನಿ ಹಾಕಿದರೆ ಗುಟ್ಟು ರಟ್ಟಾಗುತ್ತದೆ: ಸಾಧಾರಣ ಅಕ್ಕಿ ಕಡುನೀಲಿಗೆ ತಿರುಗುತ್ತದೆ, ಅಂಟಕ್ಕಿ ಕೆಂಪು ಮಿಶ್ರಿತ ಕಂದು ಬಣ್ಣ ತಾಳುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಗ್ಲೂಟಿನಸ್ ಎನ್ನುವುದರಿಂದ ಗೋಧಿಯ ಗ್ಲೂಟೆನ್ ಇದರಲ್ಲಿಯೂ ಇದೆಯೆಂದು ಹಲವರು ಹೆದರುತ್ತಾರೆ. ಅದು ಇದರಲ್ಲಿ ಎಳ್ಳಷ್ಟೂ ಇಲ್ಲ.

ಈ ವ್ಯತ್ಯಾಸಕ್ಕೆಲ್ಲ ಒಂದೇ ಒಂದು ವಂಶವಾಹಿಯಲ್ಲಾದ ಬದಲಾವಣೆ ಕಾರಣ. ಅಮೆರಿಕದ ವಿಜ್ಞಾನಿಗಳಾದ ಕೆನೆತ್ ಓಲ್ಸನ್ ಮತ್ತು ಮೈಕೆಲ್ ಪುರುಗ್ಗನನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಏಷ್ಯಾದ ಅಂಟಕ್ಕಿಗಳ ಈ ಗುಣ ಒಂದೇ ಮೂಲದಿಂದ, ಬಹುಶಃ ಆಗ್ನೇಯ ಏಷ್ಯಾದಿಂದ ಹರಡಿದ್ದು. ಕಾಡಿನಲ್ಲಿ ತಾನಾಗಿ ಉಳಿದು ಬಂದ ಗುಣವಲ್ಲ ಇದು. ಎಲ್ಲೋ ಒಬ್ಬ ರೈತ, ಇಲ್ಲವೆ ರೈತನ ಹೆಂಡತಿ, ಅಂಟುವ ಕಾಳನ್ನು ರುಚಿ ನೋಡಿ ಬೀಜಕ್ಕೆ ಎತ್ತಿಟ್ಟದ್ದರ ಫಲ. ನಮ್ಮ ದೇಶದಲ್ಲೂ ಅಸ್ಸಾಮಿನ ಬೋರಾ, ಮಣಿಪುರದ ಕಪ್ಪು ಬಣ್ಣದ ಚಾಕ್‌ಹಾವೊ ಇದೇ ಕುಲಕ್ಕೆ ಸೇರಿದವು.

ಇದನ್ನು ನೀರಲ್ಲಿ ಕುದಿಸಿದರೆ ಗಂಜಿಯಾಗುತ್ತದೆ. ಆದ್ದರಿಂದ ರಾತ್ರಿಯಿಡೀ ನೆನೆಸಿ, ನೀರು ಬಸಿದು, ಬರಿಯ ಹಬೆಯಲ್ಲಿ ಬೇಯಿಸುತ್ತಾರೆ. ಇನ್ನೊಂದು ಗುಣ ಮುಖ್ಯವಾದದ್ದು. ಸಾಧಾರಣ ಅನ್ನ ಆರಿದರೆ ಬೇಗ ಗಡುಸಾಗುತ್ತದೆ. ಅಮೈಲೋಸಿನ ಸರಪಳಿಗಳು ಮತ್ತೆ ಒತ್ತಾಗಿ ಜೋಡಿಸಿಕೊಳ್ಳುವುದೇ ಅದಕ್ಕೆ ಕಾರಣ. ಅಂಟನ್ನದಲ್ಲಿ ಆ ಕೆಲಸ ನಿಧಾನ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ. ಬುತ್ತಿಗೆಂದೇ ಹುಟ್ಟಿದ ಅನ್ನ!

ಆದರೆ ಇದು ಮೊದಲಿನಿಂದಲೂ ದುಡಿಯುವವನ ಬುತ್ತಿಯಾಗಿರಲಿಲ್ಲ. ಚೀನೀ ಕವಿ ತಾವೊ ಯುವಾನ್‌ಮಿಂಗ್ ಕ್ರಿ.ಶ. 405ರಲ್ಲಿ ಪೆಂಗ್‌ಜೆ ಎಂಬ ಊರಿನ ಅಧಿಕಾರಿಯಾಗಿದ್ದ. ಸಂಬಳದ ಬಾಬ್ತು ಬಂದ ಸರ್ಕಾರಿ ಗದ್ದೆಗೆಲ್ಲ ಅಂಟಕ್ಕಿಯನ್ನೇ ಬಿತ್ತಬೇಕೆಂದು ಆತ ಅಪ್ಪಣೆ ಮಾಡಿದನಂತೆ. ಕಾರಣ ಊಟವಲ್ಲ, ಮದ್ಯ. ಅಂಟಕ್ಕಿಯ ಪಿಷ್ಟ ಸುಲಭವಾಗಿ ಸಕ್ಕರೆಯಾಗಿ ಹುಳಿಯುತ್ತದೆ. ಇಂದಿಗೂ ಶಾವೊಶಿಂಗ್ ಊರಿನ ಹೆಸರಾಂತ ಮದ್ಯಕ್ಕೆ ಅದೇ ಬೇಕು. ಮನೆಯವರು ಉಣ್ಣುವುದೇನನ್ನು ಎಂದು ಹೆಂಡತಿ ಮಕ್ಕಳು ಹಟಹಿಡಿದ ಮೇಲೆ ರಾಜಿಯಾಯಿತು: 250 ಮು ಗದ್ದೆಗೆ ಅಂಟಕ್ಕಿ, 50 ಮುವಿಗೆ ಊಟದಕ್ಕಿ. (ಮು ಎಂಬುದು ಚೀನೀಯರ ನೆಲದ ಅಳತೆ.) ಎಂಬತ್ತು ಚಿಲ್ಲರೆ ದಿನಗಳಲ್ಲೇ ಕವಿ ಕೆಲಸ ಬಿಟ್ಟು ಹೊರಟುಹೋದ. ಬೆಳೆ ಕುಯ್ಯುವ ತನಕ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ಅವನ ಚರಿತ್ರೆಯಲ್ಲಿ ಬರುವ ಈ ಜಗಳದಿಂದ ಒಂದು ಸಂಗತಿ ತಿಳಿಯುತ್ತದೆ: ಅಂಟಕ್ಕಿ ಎಂದರೆ ಹೊಟ್ಟೆ ತುಂಬಿದ ಮೇಲಿನ ಬೆಳೆ. ಕುಡಿತಕ್ಕೆ, ಹಬ್ಬಕ್ಕೆ, ಹಿರಿಯರ ಎಡೆಗೆ ಅದು ಮೀಸಲು.

ಹಬ್ಬದ ತಿನಿಸುಗಳಲ್ಲಿ ಹಿರಿಯದು ಝೋಂಗ್‌ಝಿ. ಬಿದಿರಿನ ಎಲೆಯನ್ನು ಮೂಲೆಮೂಲೆಯಾಗಿ ಮಡಿಸಿ, ಅಕ್ಕಿ ತುಂಬಿ, ದಾರ ಕಟ್ಟಿ ಗಂಟೆಗಟ್ಟಲೆ ಕುದಿಸಿದ ಕಡುಬು. ಹಲಸಿನ ಎಲೆಯ ಕೊಟ್ಟೆ ಕಡುಬು ತಿಂದ ಕರಾವಳಿಯವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಐದನೆಯ ಚಾಂದ್ರಮಾಸದ ಐದನೆಯ ದಿನ, ದೋಣಿ ಪಂದ್ಯದ ಹಬ್ಬಕ್ಕೆ ಇದನ್ನು ಮಾಡುತ್ತಾರೆ. ಕ್ರಿ.ಪೂ. 278ರ ಸುಮಾರಿಗೆ ನದಿಗೆ ಹಾರಿ ಪ್ರಾಣಬಿಟ್ಟ ಕವಿ, ಮಂತ್ರಿ ಚೂ ಯುವಾನ್‌ನ ನೆನಪಿಗೆ ಎಂದು ಪ್ರತೀತಿ. ಜನ ನೀರಿಗೆ ಎಸೆಯುತ್ತಿದ್ದ ಅಕ್ಕಿಯನ್ನು ಜಲಸರ್ಪ ಕದಿಯುತ್ತಿದೆ, ಬೇವಿನ ಜಾತಿಯ ಎಲೆ ಮುಚ್ಚಿ ಐದು ಬಣ್ಣದ ದಾರ ಕಟ್ಟಿರಿ ಎಂದು ಆತನ ಆತ್ಮವೇ ಬಂದು ಹೇಳಿತಂತೆ. ಕಥೆ ಸೊಗಸಾಗಿದೆ. ಆದರೆ ಅದು ಬರಹದಲ್ಲಿ ಕಾಣಿಸುವುದು ಆರನೆಯ ಶತಮಾನದಲ್ಲಿ, ಕವಿ ಸತ್ತು ಎಂಟುನೂರು ವರ್ಷವಾದ ಮೇಲೆ. ಅದಕ್ಕಿಂತ ಮುಂಚೆ, ಮೂರನೆಯ ಶತಮಾನದ ಝೋ ಚೂ ಎಂಬಾತ ಇದೇ ಹಬ್ಬದ ಕಡುಬನ್ನು ವರ್ಣಿಸುವಾಗ ಕವಿಯ ಹೆಸರೆತ್ತುವುದಿಲ್ಲ. ಎಲೆಯೊಳಗೆ ಅಂಟು ಸಿರಿಧಾನ್ಯ ಕಟ್ಟಿ ಬೂದಿನೀರಿನಲ್ಲಿ ಕುದಿಸುತ್ತಿದ್ದರೆಂದಷ್ಟೇ ಹೇಳುತ್ತಾನೆ. ತಿಂಡಿ ಮೊದಲು, ಕಥೆ ಆಮೇಲೆ.

ಅಂಟಿನ ಖ್ಯಾತಿ ಅಡುಗೆಮನೆಗೆ ನಿಲ್ಲಲಿಲ್ಲ. ಸುಝೋ ನಗರದಲ್ಲಿ ಒಂದು ಐತಿಹ್ಯವಿದೆ. ಮಂತ್ರಿ ವು ಝಿಶು ಸಾಯುವ ಮುಂಚೆ, ಬರಗಾಲ ಬಂದರೆ ಕೋಟೆಯ ಬುಡ ಅಗೆಯಿರಿ ಎಂದಿದ್ದನಂತೆ. ಮುತ್ತಿಗೆಯ ಕಾಲದಲ್ಲಿ ಜನ ಅಗೆದಾಗ ಅಂಟಕ್ಕಿಹಿಟ್ಟಿನ ಇಟ್ಟಿಗೆಗಳು ಸಿಕ್ಕವಂತೆ. ಇದು ಕಟ್ಟುಕಥೆ ಇರಬಹುದು, ಆದರೆ ಗೋಡೆಯಲ್ಲಿ ಅಂಟಕ್ಕಿ ಇದ್ದದ್ದು ನಿಜ. ನಮ್ಮವರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿದಂತೆ ಚೀನೀಯರು ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಬೆರೆಸಿದರು. ಮಿಂಗ್ ಅರಸರು ಕಟ್ಟಿಸಿದ ನಾನ್‌ಜಿಂಗ್ ಕೋಟೆಯ ಗಾರೆ ಅಂಥದು. ಝೆಜಿಯಾಂಗ್ ವಿಶ್ವವಿದ್ಯಾಲಯದ ಜಾಂಗ್ ಬಿಂಗ್‌ಜಿಯಾನ್ ಮತ್ತು ಸಂಗಡಿಗರು 2010ರಲ್ಲಿ ಇದರ ಕಾರಣ ವಿವರಿಸಿದರು: ಅಮೈಲೊಪೆಕ್ಟಿನ್ ಸುಣ್ಣದ ಹರಳುಗಳು ದೊಡ್ಡದಾಗಿ ಬೆಳೆಯದಂತೆ ಹಿಡಿದು, ಗಾರೆಯನ್ನು ಒತ್ತೊತ್ತಾಗಿ ಕೂಡಿಸುತ್ತದೆ. ತ್ಸಿಫಾನನ್ನು ಮುಷ್ಟಿಯಲ್ಲಿ ಹಿಡಿದಿಡುವ ಅಣುವೇ ಕೋಟೆಯನ್ನೂ ಹಿಡಿದಿಟ್ಟಿದೆ.

ಹಬ್ಬದ ಅಕ್ಕಿಯನ್ನು ವಾರದ ಏಳು ದಿನಕ್ಕೂ ತಂದದ್ದು ಬೀದಿ. ಬಂದರು, ಗಿರಣಿ, ರೈಲುಗಳು ಬಂದು ಮನೆಯಿಂದ ದೂರ ದುಡಿಯುವ ಜನ ನಗರಗಳಲ್ಲಿ ತುಂಬಿಕೊಂಡಾಗ ಕೈಯಲ್ಲೇ ಹಿಡಿದು ತಿನ್ನುವ, ಬಹಳ ಹೊತ್ತು ಹೊಟ್ಟೆಯಲ್ಲಿ ನಿಲ್ಲುತ್ತದೆಂದು ಜನ ನಂಬಿದ ಅನ್ನಕ್ಕೆ ಗಿರಾಕಿಗಳು ಹುಟ್ಟಿದರು. ಶಾಂಘೈ ಮತ್ತು ಹಾಂಗ್‌ಝೋ ನಡುವಿನ ಜಿಯಾಶಿಂಗ್ ಊರಿನ ಝೋಂಗ್‌ಝಿ ದಾರಿಹೋಕರ ತಿಂಡಿಯಾಗಿ ಹೆಸರು ಮಾಡಿತು. ಇಂದು ಹೆದ್ದಾರಿಯ ತಂಗುದಾಣದಲ್ಲೂ ವರ್ಷವಿಡೀ ಬಿಸಿಯಾಗಿ ಸಿಗುತ್ತದೆ. ದಕ್ಷಿಣದ ಗ್ವಾಂಗ್‌ಝೋದಲ್ಲಿ ಲೋ ಮಾಯ್ ಗಾಯ್ ಬಂತು, ಕೋಳಿ ಮತ್ತು ಅಣಬೆ ಸೇರಿಸಿ ಬೇಯಿಸಿದ ಅಂಟನ್ನ. ರಾತ್ರಿ ಸಂತೆಗಳಲ್ಲಿ ಮೊದಲು ಇದನ್ನು ಬಟ್ಟಲಲ್ಲಿ ಬೇಯಿಸುತ್ತಿದ್ದರಂತೆ. ಹೊತ್ತು ತಿರುಗುವ ವ್ಯಾಪಾರಿಗೆ ಬಟ್ಟಲು ಭಾರ, ಆದ್ದರಿಂದ ತಾವರೆ ಎಲೆಗೆ ಬದಲಾಯಿತು ಎನ್ನುತ್ತಾರೆ. ಇದನ್ನು ನಂಬಲು ಅಡ್ಡಿಯಿಲ್ಲ: ಮಲೇಶಿಯಾಕ್ಕೆ ವಲಸೆ ಹೋದವರು ಅದನ್ನು ಇಂದಿಗೂ ಬಟ್ಟಲಲ್ಲೇ ಬೇಯಿಸುತ್ತಾರೆ, ಹಾಂಗ್‌ಕಾಂಗಿನಲ್ಲಿ ಎಲೆ ಬಿಚ್ಚಿ ತಿನ್ನುತ್ತಾರೆ.

ಹಾಂಗ್‌ಕಾಂಗಿನ ಚಳಿಗಾಲಕ್ಕೆ ಬೇರೊಂದು ತಿನಿಸಿದೆ. ನೆನೆಸಿದ ಹಸಿ ಅಂಟಕ್ಕಿಯನ್ನು ಬಾಣಲೆಗೆ ಸುರಿದು, ಚೂರುಚೂರೇ ನೀರು ಚಿಮುಕಿಸುತ್ತ, ಒಣಗಿಸಿದ ಹಂದಿಮಾಂಸದ ಸಾಸೇಜಿನೊಡನೆ ಕೈ ಬಿಡದೆ ಹುರಿಯಬೇಕು. ಅರ್ಧ ಗಂಟೆಗೂ ಮೀರಿದ ಕೆಲಸ, ತೋಳು ಸೋಲುತ್ತದೆ. ಮೊದಲೇ ಹಬೆಯಲ್ಲಿ ಬೇಯಿಸಿ ಆಮೇಲೆ ಹುರಿದಂತೆ ಮಾಡುವ ಅಂಗಡಿಗಳೇ ಹೆಚ್ಚು. ಹಸಿಯಿಂದಲೇ ಹುರಿದದ್ದರ ಅಗುಳು ಅಂಟಿದರೂ ಬಿಡಿಯಾಗಿ ಕಾಣುತ್ತದೆ. ತಿಳಿದವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಹುಡುಕುವುದು ಈಗ ಕಷ್ಟ. ಎರಡನೆಯ ಮಹಾಯುದ್ಧದ ನಂತರ ನಿರಾಶ್ರಿತರಿಂದ ತುಂಬಿದ ಹಾಂಗ್‌ಕಾಂಗಿನಲ್ಲಿ ಸಾವಿರಾರು ಕುಟುಂಬಗಳು ತಳ್ಳುಗಾಡಿಯಿಂದ ಬದುಕಿದವು. 1970ರ ದಶಕದಿಂದ ಸರ್ಕಾರ ಹೊಸ ಬೀದಿ ವ್ಯಾಪಾರದ ಪರವಾನಗಿ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. 1983ರಿಂದ ಇದ್ದ ಪರವಾನಗಿಗಳನ್ನು ಹಣ ಕೊಟ್ಟು ವಾಪಸು ಪಡೆಯತೊಡಗಿತು. ಪರವಾನಗಿ ಇಲ್ಲದವರು ಅಧಿಕಾರಿಗಳನ್ನು ಕಂಡೊಡನೆ ‘ಭೂತ ಬಂತು, ಓಡಿ’ ಎಂಬರ್ಥದ ಕೂಗು ಹಾಕಿ ಗಾಡಿ ತಳ್ಳಿಕೊಂಡು ಮಾಯವಾಗುತ್ತಿದ್ದರು. ಇದು ಬರೀ ತಮಾಷೆಯಲ್ಲ. 2016ರ ಚಾಂದ್ರಮಾನ ಹೊಸವರ್ಷದ ರಾತ್ರಿ ಮೊಂಗ್ ಕಾಕ್ ಬಡಾವಣೆಯಲ್ಲಿ ತಿಂಡಿ ಗಾಡಿಗಳನ್ನು ತೆರವು ಮಾಡಲು ಹೊರಟಾಗ ಶುರುವಾದ ಗಲಾಟೆ ಬೆಳಗಿನವರೆಗೆ ನಡೆದು, ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸುವ ತನಕ ಹೋಯಿತು. ಅದರ ಹಿಂದೆ ರಾಜಕೀಯವೂ ಇತ್ತು ನಿಜ, ಆದರೆ ಕಿಡಿ ಹೊತ್ತಿದ್ದು ತಿಂಡಿ ಗಾಡಿಯ ಮೇಲೆ.

ಸಿಂಗಪುರ ಬೇರೆ ದಾರಿ ಹಿಡಿಯಿತು. ಬೀದಿ ವ್ಯಾಪಾರಿಗಳನ್ನು 1960ರ ದಶಕದ ಕೊನೆಯಲ್ಲಿ ನೋಂದಾಯಿಸಿ, 1986ರ ವೇಳೆಗೆ ನಲ್ಲಿ ನೀರು, ಚರಂಡಿ ಇರುವ ಸೂರುಗಳ ಕೆಳಗೆ ಸೇರಿಸಿತು. ಅಲ್ಲಿನ ಕನ್ನಡಿಗರಿಗೂ ಪರಿಚಿತವಾದ ಈ ಹಾಕರ್ ಕೇಂದ್ರಗಳ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಚೀನೀ ಅಡುಗೆಗೆ ಮಲಯ ಕೈರುಚಿ ಬೆರೆಸಿದ ಪೆರಾನಕನ್ ಮನೆತನಗಳ ಝೋಂಗ್‌ಝಿಯೂ ಈ ಊರಿನದು. ಅದರ ಅಕ್ಕಿಯ ಒಂದು ಮೂಲೆಗೆ ನಮ್ಮ ಬೇಲಿಗಳಲ್ಲಿ ಹಬ್ಬುವ ಶಂಖಪುಷ್ಪದ ನೀಲಿ ಬಣ್ಣ. ಶುಚಿತ್ವ ಬಂತು, ಓಡಾಟ ತಪ್ಪಿತು. ಇದೇ ಮೇಲು ಎಂದು ನನಗನ್ನಿಸುತ್ತದೆ. ಆದರೂ ಅಲ್ಲಿನ ಅಂಗಡಿಕಾರರು ಬಹುಪಾಲು ಅರವತ್ತರ ಆಸುಪಾಸಿನವರು. ನಡುರಾತ್ರಿ ಎದ್ದು ಅಕ್ಕಿ ಬಸಿಯಲು ಮಕ್ಕಳು ಒಪ್ಪುತ್ತಿಲ್ಲ.

ಶಾಂಘೈ ಕೂಡ 2010ರ ದಶಕದಲ್ಲಿ ಓಣಿಯಂಗಡಿ, ಗಾಡಿಗಳನ್ನು ಗುಡಿಸಿಹಾಕಿತು. ತ್ಸಿಫಾನ್ ಅಂಗಡಿಯ ಗಾಜಿನ ಕಪಾಟಿಗೆ ಏರಿತು. ಪೇಚಾಟ ಇರುವುದು ಅಲ್ಲೇ: ಬೆಚ್ಚಗಿದ್ದಷ್ಟು ಹೊತ್ತು ಮೆತ್ತಗಿರುವ ಈ ಅನ್ನವನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೆ ಕಲ್ಲಾಗುತ್ತದೆ, ಒಳಗಿನ ಕಡ್ಡಿ ಮೆತ್ತಗಾಗುತ್ತದೆ. ಅದಕ್ಕೆ ಬೇಕಾದದ್ದು ಹಬೆಯಾಡುವ ಪೀಪಾಯಿ ಮತ್ತು ಎದುರಿಗೇ ಕಾಯುತ್ತಿರುವ ಗಿರಾಕಿ. 2022ರ ಡಿಸೆಂಬರಿನಿಂದ ಜಾರಿಗೆ ಬಂದ ನಿಯಮದಂತೆ ಗೊತ್ತುಪಡಿಸಿದ ಜಾಗಗಳಲ್ಲಿ ಬೀದಿ ವ್ಯಾಪಾರಕ್ಕೆ ನಗರ ಮತ್ತೆ ಅವಕಾಶ ಕೊಟ್ಟಿದೆ.

ಆ ಕಡೆ ಹೋಗುವವರಿಗೆ ಒಂದು ಮಾತು. ಝೋಂಗ್‌ಝಿಯಲ್ಲಿ ಹಂದಿಮಾಂಸ, ಕೊಬ್ಬು ಇರುವುದು ಸಾಮಾನ್ಯ. ಸಸ್ಯಾಹಾರಿಗಳು ಉತ್ತರದ ಖರ್ಜೂರದಂಥ ಹಣ್ಣು ತುಂಬಿದ್ದನ್ನೋ, ಸಕ್ಕರೆಯಲ್ಲಿ ಅದ್ದಿ ತಿನ್ನುವ ಕ್ಷಾರದ ನೀರಿನ ಬರಿ ಕಡುಬನ್ನೋ ಕೇಳಬೇಕು. ಸಕ್ಕರೆ ಕಾಯಿಲೆಯವರು ದೂರವಿರುವುದು ಲೇಸು, ಈ ಪಿಷ್ಟ ಬೇಗ ರಕ್ತಕ್ಕಿಳಿಯುತ್ತದೆ. ತ್ಸಿಫಾನ್ ಬೇಕೆಂದರೆ ಬೇಗ ಏಳಬೇಕು. ಬಿಸಿಲೇರುವ ಹೊತ್ತಿಗೆ ಪೀಪಾಯಿ ಬರಿದಾಗಿರುತ್ತದೆ. ಭಾಷೆ ಬಾರದಿದ್ದರೂ ಚಿಂತೆಯಿಲ್ಲ. ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: ಸಿಹಿಯೋ, ಉಪ್ಪೋ?