ಕಮಾನು ಗಾಡಿಯೂ ಮಲೆನಾಡಿನ ಮಳೆಯೂ

ಚಿಕ್ಕಮಗಳೂರು ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಬಾಬಾಬುಡನರು ಯೆಮನ್ ದೇಶದಿಂದ ತಂದರೆಂದು ಪ್ರತೀತಿಯುಳ್ಳ 7 ಕಾಫಿಬೀಜಗಳಿಂದಲೋ, 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಊರಿನ ಸಮೀಪದಲ್ಲಿ ಎಬ್ಬಿಸಿದ ತೋಟದಿಂದಲೋ ಆರಂಭಿಸುವುದು ವಾಡಿಕೆ. ಆ ಕಾಫಿಯನ್ನೂ ಅದರ ಒಡೆಯರನ್ನೂ ಹೊತ್ತು ಘಟ್ಟವನ್ನು ಹತ್ತಿಳಿದ ಮರದ ಗಾಡಿಗಳು ಇಲ್ಲಿನ ಮಳೆಯನ್ನು ಹೇಗೆ ತಾಳಿದವೆಂಬುದಕ್ಕೆ ಪುಟ ಮೀಸಲಿಟ್ಟವರು ವಿರಳ. ಒಂದೇ ಜಿಲ್ಲೆಯೊಳಗೆ ಕಡೂರಿನ ಬಯಲು ವರ್ಷಕ್ಕೆ 25 ಅಂಗುಲದ ಆಸುಪಾಸಿನ ಮಳೆಯಲ್ಲಿ ತೃಪ್ತಿಪಡಬೇಕಾಗಿದ್ದರೆ, ಪಡುವಣ ಅಂಚಿನ ಕೊಟ್ಟಿಗೆಹಾರದಲ್ಲಿಯೂ ಕಳಸದ ಕಡೆಯಲ್ಲಿಯೂ ಅದು 100 ಅಂಗುಲವನ್ನು ನಿರಾಯಾಸವಾಗಿ ದಾಟುತ್ತದೆ. ಬಯಲುಸೀಮೆಯ ಬಡಗಿಯು ಬಿಸಿಲಿಗೆ ಸೀಳುವ ಮರದ ಚಿಂತೆಯಲ್ಲಿದ್ದಾಗ ಮಲೆನಾಡಿನ ಮೂಡಿಗೆರೆಯ ಬಡಗಿಯು ಕೊಳೆಯುವ ಮರದ ಚಿಂತೆಯಲ್ಲಿದ್ದನು.

ರಸ್ತೆಗಳು ಆಗುವ ಮುನ್ನ ಸರಕೆಲ್ಲವೂ ಹೇರೆತ್ತುಗಳ ಬೆನ್ನಮೇಲೆ ಸಾಗುತ್ತಿತ್ತು. ಗಾಡಿಯ ದಾರಿಗಳಾದ ಮೇಲೆ ಕಾಫಿಯು ಚಾರ್ಮಾಡಿ ಘಟ್ಟವನ್ನಿಳಿದು ಬಂಟ್ವಾಳವನ್ನು ಸೇರಿ, ಅಲ್ಲಿಂದ ನೇತ್ರಾವತಿಯ ದೋಣಿಗಳಲ್ಲಿ ಮಂಗಳೂರಿನ ಸಂಸ್ಕರಣಾಲಯಗಳಿಗೆ ಹೋಗುತ್ತಿತ್ತು. ಮರಳುವ ಗಾಡಿಯು ಉಪ್ಪನ್ನು ತರುತ್ತಿತ್ತು. ಕೊಯ್ಲು ಮುಗಿಯುವುದು ಮಾಘ ಫಾಲ್ಗುಣಗಳಲ್ಲಾದುದರಿಂದ ಈ ಸಾಗಾಟವು ಬಹುಮಟ್ಟಿಗೆ ಒಣ ಋತುವಿನದು. ಮಳೆಯೊಡನೆ ಹೋರಾಡುವುದಕ್ಕಿಂತ ಅದನ್ನು ತಪ್ಪಿಸಿಕೊಳ್ಳುವುದೇ ಲೇಸೆಂಬ ವಿವೇಕವು ವ್ಯಾಪಾರದಲ್ಲಿತ್ತು. ಆದರೆ ಬಾಣಂತಿಗೂ ರೋಗಿಗೂ ಮದುವೆಯ ದಿಬ್ಬಣಕ್ಕೂ ಋತುವಿನ ಹಂಗಿರದು. ಅವರಿಗಾಗಿಯೇ ಕಮಾನು ಗಾಡಿ.

ಇದರ ರಚನೆಯು ಕೂಲಂಕಷವಾದ ಪರಿಶೀಲನೆಗೆ ಅರ್ಹವಾದುದು. ಬಾಗಿಸಿದ ಬಿದಿರಿನ ದಬ್ಬೆಗಳ ಮೇಲೆ ಚಾಪೆಯನ್ನು ಹೊದಿಸಿದ ಈ ಚಾವಣಿಯು, ಗದ್ದೆಯಲ್ಲಿ ನಾಟಿಯ ಹೆಂಗಸರು ಬೆನ್ನಿಗೆ ಕವುಚಿಕೊಳ್ಳುತ್ತಿದ್ದ ಗೊರಬಿನ ಹಿರಿಯಣ್ಣನೆಂದರೆ ತಪ್ಪಾಗದು. ಎರಡರಲ್ಲಿಯೂ ತತ್ತ್ವ ಒಂದೇ: ನೀರನ್ನು ತಡೆದು ನಿಲ್ಲಿಸುವುದಲ್ಲ, ನಿಲ್ಲಗೊಡದೆ ಜಾರಿಸುವುದು. ಕಮಾನಿನ ಬಾಗು ನೀರಿಗೆ ಆಸರೆಯನ್ನು ಕೊಡುವುದಿಲ್ಲ. ಒರಟು ದಾರಿಯ ಕುಲುಕಾಟಕ್ಕೆ ಬಿದಿರು ಬಳುಕುತ್ತದೆಯೇ ವಿನಾ ಬಿರುಕು ಬಿಡುವುದಿಲ್ಲ. ಹಿಂದುಮುಂದೆರಡೂ ತೆರೆದಿರುವುದರಿಂದ ಒಳಗಿನ ತೇವವು ಗಾಳಿಯೊಡನೆ ಹೊರಟುಹೋಗುತ್ತದೆ. ಪಕ್ಕದಿಂದ ಬಡಿಯುವ ಎರಚಲಿಗೆ ಮಾತ್ರ ಈ ಚಾವಣಿಯಲ್ಲಿ ಉತ್ತರವಿರಲಿಲ್ಲ. ಕಂಬಳಿಯೇ ಅದಕ್ಕೆ ಗತಿ.

ಚಾವಣಿಯ ಕೆಳಗಿನ ಮರದ ಕಥೆ ಬೇರೆ. ನೂರಕ್ಕೆ 20ಕ್ಕಿಂತ ಕಡಿಮೆ ತೇವವಿರುವ ಮರಕ್ಕೆ ಕೊಳೆರೋಗದ ಶಿಲೀಂಧ್ರವು ಹತ್ತುವುದಿಲ್ಲವೆಂಬುದು ಇಂದಿನ ವಿಜ್ಞಾನದ ಮಾತು. ಮರದ ಮೈಗಿಂತ ಅದರ ಕೊಯ್ದ ತುದಿಯು ಬಹು ಬೇಗ ನೀರು ಕುಡಿಯುವುದರಿಂದ ಅಪಾಯವಿರುವುದು ಹಲಗೆಯ ನಡುವಿನಲ್ಲಲ್ಲ, ಅರೆಕಾಲು ಗುಂಭವನ್ನು ಹೊಗುವ ಸಂದಿನಲ್ಲಿ, ಮೂಕಿಯು ಚೌಕಟ್ಟನ್ನು ಕೂಡುವ ಕೀಲಿನಲ್ಲಿ. ಇರಸಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿದ ಕೀಲೆಣ್ಣೆ. ಹಲಗೆಗಳಿಗೆ ಹುಳುವನ್ನೂ ದೂರವಿಡುವ ಹೊಂಗೆಯೆಣ್ಣೆ. ಕರಾವಳಿಯ ದೋಣಿಗಾರರು ತಮ್ಮ ದೋಣಿಗಳಿಗೆ ಮೀನೆಣ್ಣೆಯನ್ನೂ ರಾಳವನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿಯುತ್ತಿದ್ದರು. ಕೈಗೆ ತಾಗಿದರೆ ಬೊಬ್ಬೆಯೇಳಿಸುವ ಈ ಕೊನೆಯದು ಗೆದ್ದಲಿಗೂ ಅಷ್ಟೇ ಅಪ್ರಿಯ. ಇವುಗಳಲ್ಲಿ ಹೊಂಗೆಯೂ ಹರಳೂ ಎಂದಿಗೂ ಗಟ್ಟಿಯಾಗಿ ಒಣಗುವ ಜಾತಿಯವಲ್ಲ. ಮರದೊಳಕ್ಕೆ ಇಳಿಯುತ್ತವೆ, ಕಾಲಕ್ರಮದಲ್ಲಿ ತೊಳೆದುಹೋಗುತ್ತವೆ, ವರ್ಷವರ್ಷವೂ ಮತ್ತೆ ಬಳಿಯಬೇಕಾಗುತ್ತದೆ.

ಬಣ್ಣವು ಇದಕ್ಕೆ ತದ್ವಿರುದ್ಧವಾದ ಪದಾರ್ಥ. ಅಗಸೆಯೆಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಚರ್ಮದಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಅರೆದ ಸಿಂಧೂರವು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ಸಿಂಧೂರವೂ ಬಿಳಿ ಬಣ್ಣದ ಸಫೇದವೂ ಸೀಸದ ವಿಷಗಳೆಂಬುದು ಬಣ್ಣಗಾರರ ಕರುಳಿಗೆ ತಿಳಿದಷ್ಟು ಬೇಗ ಅವರನ್ನು ದುಡಿಸಿಕೊಂಡವರ ಬುದ್ಧಿಗೆ ತಿಳಿಯಲಿಲ್ಲ. ತೇವದ ಗಾಳಿಯಲ್ಲಿ ಈ ಲೇಪವು ದಿನಗಟ್ಟಲೆ ಅಂಟಂಟಾಗಿಯೇ ಉಳಿಯುವುದರಿಂದ, ಕಾಫಿಯ ಕೊಯ್ಲು ಮುಗಿದು ಹೂಮಳೆ ಬೀಳುವವರೆಗಿನ ಕಿರಿದಾದ ಅವಧಿಯೇ ಬಣ್ಣಕ್ಕೆ ಪ್ರಶಸ್ತ. ವಿಲಾಯಿತಿ ಬಣ್ಣದ ಡಬ್ಬಿಗಳಿಗೆ ಪ್ರತಿಯಾಗಿ ನಮ್ಮದೇ ಸಂಸ್ಥಾನದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯು ಸ್ಥಾಪಿತವಾಯಿತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿರುವುದೂ ಇದೇ.

ಮೋಟಾರು ಬಂದಾಗ ಗಾಡಿಯ ಬಡಗಿಗೆ ಕೆಲಸವೇನೂ ತಪ್ಪಲಿಲ್ಲ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಹುಟ್ಟಿದ ಕಾಲಕ್ಕೆ ಹೊರದೇಶದಿಂದ ಬರುತ್ತಿದ್ದುದು ಎಂಜಿನ್ನೂ ಅಡಿಗಟ್ಟೂ ಮಾತ್ರ. ಮೇಲಿನ ಒಡಲು ಮರದ್ದು. ಆ ಕಾಲದ ರೈಲುಡಬ್ಬಿಗಳಿಗೂ ಮರದ ಒಡಲಿನ ವಾಹನಗಳಿಗೂ ಚಾವಣಿಯ ಹಲಗೆಗಳ ಮೇಲೆ ಕಿತ್ತಾನು ಬಟ್ಟೆಯನ್ನು ಬಿಗಿದೆಳೆದು, ಅದರ ನೂಲು ಮುಚ್ಚುವಷ್ಟು ಬಣ್ಣ ಬಳಿಯುವುದು ಲೋಕಪ್ರಸಿದ್ಧ ವಿಧಾನವಾಗಿತ್ತು. ಹಲಗೆಗಳು ಹಿಗ್ಗಿ ಕುಗ್ಗಿದಾಗ ಬರಿಯ ಬಣ್ಣವು ಸಂದಿನುದ್ದಕ್ಕೂ ಸೀಳುತ್ತದೆ; ಬಟ್ಟೆಯಾದರೋ ಆ ಅಲುಗಾಟವನ್ನು ತಾನು ನುಂಗಿ ಬಣ್ಣವನ್ನು ಉಳಿಸುತ್ತದೆ.

ಕಾರಿನ ಹಿಂದೆ ಎಳೆದೊಯ್ಯುವ ವಸತಿಗಾಡಿಗಳನ್ನು ಪ್ಲೈವುಡ್ಡಿನಿಂದ ತಾವೇ ಕಟ್ಟಿಕೊಳ್ಳುವ ಅಮೆರಿಕದ ಹವ್ಯಾಸಿಗಳಲ್ಲಿ ಕೆಲವರು ಇಂದಿಗೂ ಮರಕ್ಕೆ ಅಂಟಿನಿಂದ ಕಿತ್ತಾನನ್ನು ಮೆತ್ತಿ ಮೇಲೆ ಬಣ್ಣ ಬಳಿಯುತ್ತಾರೆ. ಅಂಥದೊಂದು ಗಾಡಿಯನ್ನು ಹೊರನಾಡಿನ ಹಾದಿಯಲ್ಲಿ ಆಷಾಢದ ಒಂದು ರಾತ್ರಿ ನಿಲ್ಲಿಸಿದರೆ ಹೊರಗಿನ ಮಳೆಯೇನೋ ಒಳಗೆ ಬಾರದು. ಆದರೆ ಮಲಗಿದವರ ಉಸಿರಿನ ತೇವವು ತಣ್ಣನೆಯ ಗೋಡೆಗೆ ಹನಿಗಟ್ಟಿ, ಬಣ್ಣ ಕಾಣದ ಒಳಮೂಲೆಗಳಿಂದಲೇ ಪ್ಲೈವುಡ್ಡನ್ನು ಸೇರುವುದು. ಮುಚ್ಚುವ ಮುನ್ನ ಎದುರುಬದುರು ಎರಡು ಗಾಳಿಗಂಡಿಗಳನ್ನು ಕೊರೆಯದಿದ್ದವನ ಗಾಡಿಗೆ ಹೊರಗೆ ಎಷ್ಟು ಪದರ ಬಳಿದರೂ ಈ ಸೀಮೆಯಲ್ಲಿ ದೀರ್ಘಾಯುಷ್ಯವನ್ನು ನಾನು ಹಾರೈಸಲಾರೆ.