ಗರ್ಭಸ್ರಾವ

ಇಳಿಯಿತು, ಜಾರಿತು, ನಿಲ್ಲಲಿಲ್ಲ: ಬಸಿರು ಕಳೆದದ್ದನ್ನು ಮನೆಮಾತು ಹೀಗೆ ಹೇಳುತ್ತದೆ. ಗ್ರಾಂಥಿಕ ಪದ ಗರ್ಭಸ್ರಾವ. ಸಂಸ್ಕೃತದ ‘ಸ್ರು’ ಎಂದರೆ ಸೋರು, ಹರಿ. ನಾಲ್ಕನೆಯ ತಿಂಗಳವರೆಗೆ ಸ್ರಾವ, ಐದು-ಆರರಲ್ಲಿ ಪಾತ ಎಂದು ಆಯುರ್ವೇದ ಗೆರೆ ಎಳೆದಿತ್ತು. ಈಗ ಆ ಗೆರೆ ಅಳಿಸಿದೆ. ತಾನಾಗಿ ಆದದ್ದಕ್ಕೂ ಮಾಡಿಸಿಕೊಂಡದ್ದಕ್ಕೂ ಗರ್ಭಪಾತವೇ, ಇಲ್ಲವೇ ‘ಅಬಾರ್ಷನ್’. ಬಹ್ರೇನಿನ ಸೀಫ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಮಂಗಳೂರಿನ ಹೆಣ್ಣುಮಗಳು ‘ಅಬಾರ್ಷನ್ ಆಗಿತ್ತು’ ಎಂದರೆ ‘ತಾನಾಗಿಯೇ?’ ಎಂಬ ಪ್ರಶ್ನೆ ಎದುರಾದೀತು. ‘ಸ್ರಾವ’ ಉಳಿದಿದ್ದರೆ ಆ ಮುಜುಗರ ತಪ್ಪುತ್ತಿತ್ತು.

ಚೀನೀ ವೈದ್ಯದ ಪದಗಳೂ ಇದೇ ಜಾಡಿನವು. ತಾಯ್ ಎಂದರೆ ಅಲ್ಲಿ ಭ್ರೂಣ (ನಮ್ಮ ತಾಯಿಗೂ ಅದಕ್ಕೂ ನಂಟಿಲ್ಲ, ಕಿವಿಗಷ್ಟೇ ಸೊಗಸು). ತಾಯ್-ಲೌ ಸೋರುವುದು, ಹುವಾ-ತಾಯ್ ಮತ್ತೆ ಮತ್ತೆ ಜಾರುವುದು, ಆನ್-ತಾಯ್ ಭ್ರೂಣವನ್ನು ಶಾಂತಗೊಳಿಸಿ ನಿಲ್ಲಿಸುವ ಚಿಕಿತ್ಸೆ. ಭ್ರೂಣವನ್ನು ಹಿಡಿದಿಡುವುದು ಮೂತ್ರಪಿಂಡದ ಶಕ್ತಿ ಎಂಬುದು ಅವರ ಎಣಿಕೆ. ಆ ಶಕ್ತಿಗೆಂದು ಕೊಡುವ ಡುಜೊಂಗ್ ಮರದ ತೊಗಟೆಯನ್ನು ಮುರಿದರೆ ಎರಡು ತುಂಡುಗಳ ನಡುವೆ ಬೆಳ್ಳಿಯಂಥ ರಬ್ಬರ್ ಎಳೆಗಳು ಹಿಗ್ಗುತ್ತವೆ, ಬೇಗ ತುಂಡಾಗುವುದಿಲ್ಲ. ಇದೇ ಉದ್ದೇಶಕ್ಕೆ ಚೀನೀ ವೈದ್ಯ ಚಾಂಗ್ ಶಿಚುನ್ (1860–1933) ರೂಪಿಸಿದ ‘ಶೌ-ತಾಯ್’ ಗುಳಿಗೆಯಲ್ಲಿ ಈ ತೊಗಟೆಯಿಲ್ಲ; ಅದರ ಮುಖ್ಯ ಮದ್ದು ಕಸ್ಕ್ಯೂಟ ಬಳ್ಳಿಯ ಬೀಜ.

ಆದರೆ ಮೊದಲ ಮೂರು ತಿಂಗಳ ಸ್ರಾವಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ. ಅವನ್ನು ಯಾವ ಕಷಾಯವೂ ತಡೆಯಲಾರದು. ಭಾರ ಎತ್ತಿದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ ಸೊಸೆಯನ್ನು ದೂರುವ ಬಾಯಿಗಳಿಗೆ ಇದು ತಿಳಿದಿರಲಿ. ರಕ್ತ ಕಂಡರೆ ಮೊದಲು ಸ್ಕ್ಯಾನಿಂಗ್. ತೊಗಟೆ, ಬೀಜಗಳ ಮಾತು ಆಮೇಲೆ, ಅದೂ ವೈದ್ಯರಿಗೆ ತಿಳಿಸಿಯೇ.